ಹದಿಹರೆಯದವರು ಮಕ್ಕಳ ಮೇಲೆ ಎಸಗುವ ಘೋರ ಕೃತ್ಯ: ಆರೋಪಿಯ ಹೆಸರು ಊರಿಗೆ ತಿಳಿಯಬೇಕೇ?

ಪ್ರಶ್ನೆ: ಶಿಕ್ಷಕಿ, ಗೋಣಿಕೊಪ್ಪಲು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು. ಹದಿಹರೆಯದ ಹುಡುಗನೊಬ್ಬ ಪುಟ್ಟ ಮಗುವಿನ ಮೇಲೆ ದೌರ್ಜನ್ಯ ಎಸಗಿದನೆಂಬ ಸುದ್ದಿ ಯಾವುದೇ ಜಿಲ್ಲೆಯಿಂದ ಬರಲಿ, ಅದರ ಬೆನ್ನಿಗೇ ಅವನದೆಂದು ಹೇಳಲಾಗುವ ಭಾವಚಿತ್ರ, ಶಾಲೆಯ ಹೆಸರು, ತಂದೆಯ ಉದ್ಯೋಗ ಎಲ್ಲವೂ ಗುಂಪಿಗೆ ಬಂದು ಬೀಳುತ್ತವೆ. ಅಳಿಸಿದರೆ ‘ಅಪರಾಧಿಯನ್ನು ಯಾಕೆ ಕಾಪಾಡುತ್ತೀರಿ’ ಎಂದು ಕೇಳುವವರಿದ್ದಾರೆ, ಮತ್ತು ಕೇಳುವವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳ ತಂದೆತಾಯಂದಿರು. ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಹದಿನಾರು, ಹದಿನೇಳು ವಯಸ್ಸಿನವರು ಇಂತಹ ಕೃತ್ಯ ಎಸಗಿದರೆ ಮೂರು ವರ್ಷಕ್ಕೆ ಹೊರಬರುತ್ತಾರೆ ಎಂಬುದು ನಿಜವೇ? ಹೆಸರನ್ನು ಮುಚ್ಚಿಡುವುದರಿಂದ ಯಾರಿಗೆ ಪ್ರಯೋಜನ? ಗುಂಪಿನಲ್ಲಿ ಬೇರೆಯವರು ಹಾಕಿದ ಚಿತ್ರಕ್ಕೆ ಅಡ್ಮಿನ್ ಹೊಣೆಯೇ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ವಕೀಲ, ಮಡಿಕೇರಿ

ಮೇಡಂ, ಮೂರು ವರ್ಷದ ಮಾತು 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಕಾಲಕ್ಕೆ ನಿಜವಾಗಿತ್ತು. ಅದರ ಆರೋಪಿಗಳಲ್ಲಿ ಹದಿನೆಂಟು ತುಂಬದಿದ್ದವನೊಬ್ಬ ಆಗಿನ ಕಾಯ್ದೆಯ ಗರಿಷ್ಠ ಅವಧಿಯಾದ ಮೂರು ವರ್ಷ ಮುಗಿಸಿ 2015ರ ಡಿಸೆಂಬರಿನಲ್ಲಿ ಹೊರಬಂದ. ಅದೇ ತಿಂಗಳು ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು, ಮತ್ತು 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಂದು ಜಾರಿಗೆ ಬಂದಿತು.

ಈಗಿನ ಕಾಯ್ದೆಯಂತೆ, ಕನಿಷ್ಠ ಏಳು ವರ್ಷ ಸೆರೆವಾಸ ನಿಗದಿಯಾಗಿರುವ ಅಪರಾಧವನ್ನು (ಕಾಯ್ದೆ ಇದನ್ನು ‘ಘೋರ’ ಅಪರಾಧ ಎನ್ನುತ್ತದೆ) ಹದಿನಾರು ತುಂಬಿದವನು ಎಸಗಿದ್ದಾನೆಂಬ ಆರೋಪವಿದ್ದರೆ, ಬಾಲನ್ಯಾಯ ಮಂಡಳಿ ಮೊದಲು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು: ಕೃತ್ಯ ಎಸಗುವಷ್ಟು ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮದ ಅರಿವಿತ್ತೇ, ಯಾವ ಸಂದರ್ಭದಲ್ಲಿ ಹಾಗೆ ಮಾಡಿದ. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೆಂದು ಮಂಡಳಿಗೆ ಕಂಡರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಮರಣದಂಡನೆಯಾಗಲಿ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ. ಮಿಕ್ಕ ಶಿಕ್ಷೆಗಳನ್ನು ವಿಧಿಸಬಹುದು. ಇಪ್ಪತ್ತೊಂದು ತುಂಬುವವರೆಗೆ ಅವನು ಜೈಲಿನ ಬದಲು ಸುರಕ್ಷಿತ ಸ್ಥಳದಲ್ಲಿರುತ್ತಾನೆ, ಆ ವಯಸ್ಸಿಗೆ ಶಿಕ್ಷೆ ಉಳಿದಿದ್ದರೆ ಅವನು ಸುಧಾರಿಸಿದ್ದಾನೆಯೇ ಎಂದು ನ್ಯಾಯಾಲಯ ಪರಿಶೀಲಿಸಿ ಬಿಡುಗಡೆಯನ್ನೋ ಜೈಲನ್ನೋ ತೀರ್ಮಾನಿಸುತ್ತದೆ. ಹದಿನಾರು ತುಂಬದವರಿಗೆ, ಮತ್ತು ಮಂಡಳಿಯೇ ತೀರ್ಮಾನಿಸುವ ಪ್ರಕರಣಗಳಲ್ಲಿ, ಇಂದಿಗೂ ಮೂರು ವರ್ಷವೇ ಗರಿಷ್ಠ.

ಇಲ್ಲಿ ಒಂದು ಸೂಕ್ಷ್ಮವಿದೆ, ಪತ್ರಿಕೆಯ ವರದಿಗಳಲ್ಲಿ ಅದು ಬರುವುದೇ ಇಲ್ಲ. ಕೊಲೆ ಮತ್ತು ಮಗುವಿನ ಮೇಲಿನ ಅತ್ಯಾಚಾರ ಈ ‘ಘೋರ’ ವರ್ಗಕ್ಕೆ ಸೇರುತ್ತವೆ. ಆದರೆ ಮಗುವನ್ನು ಲೈಂಗಿಕ ಉದ್ದೇಶದಿಂದ ಮುಟ್ಟುವ ಅಪರಾಧಕ್ಕೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 8ನೇ ಕಲಮಿನಂತೆ ಮೂರರಿಂದ ಐದು ವರ್ಷ ಶಿಕ್ಷೆ ಇರುವುದರಿಂದ, ಆರೋಪಿಗೆ ಹದಿನೇಳಾಗಿದ್ದರೂ ಅದು ಮಂಡಳಿಯಲ್ಲಿಯೇ ತೀರ್ಮಾನವಾಗುತ್ತದೆ.

ಹೆಸರಿನ ವಿಚಾರಕ್ಕೆ ಬರೋಣ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಆರೋಪಿ ಬಾಲಕನ ಹೆಸರು, ವಿಳಾಸ, ಶಾಲೆ ಸೇರಿದಂತೆ ಗುರುತು ಸಿಗುವ ಯಾವ ವಿವರವನ್ನೂ ಯಾವುದೇ ಸಂಪರ್ಕ ಮಾಧ್ಯಮದಲ್ಲಿ ಬಯಲು ಮಾಡಬಾರದೆನ್ನುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅದೇ ಕಲಮು ಹಾನಿಗೊಳಗಾದ ಮಗುವಿಗೂ ಅನ್ವಯಿಸುತ್ತದೆ ಎಂಬುದನ್ನು ಜನ ಗಮನಿಸುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಆರೋಪಿ ಸಾಮಾನ್ಯವಾಗಿ ಮಗುವಿಗೆ ಪರಿಚಯದವನೇ ಆಗಿರುತ್ತಾನೆ: ದೊಡ್ಡಪ್ಪನ ಮಗ, ಪಕ್ಕದ ಮನೆಯವನು, ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುವವನು. ಮನೆತನದ ಹೆಸರು ಹೇಳಿದರೆ ಯಾವ ನಾಡಿನ ಯಾವ ಊರಿನವರೆಂದು ತಿಳಿಯುವ ಕೊಡಗಿನಲ್ಲಿ, ಹುಡುಗನ ಹೆಸರು ಹೊರಬಿದ್ದ ಅರ್ಧ ಗಂಟೆಯೊಳಗೆ ಮಗು ಯಾರದೆಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಇನ್ನೊಂದು ಕಾರಣವೂ ಇದೆ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯಲ್ಲಿ ಏಳು ವರ್ಷದ ಬಾಲಕ ಕೊಲೆಯಾದಾಗ ಪೊಲೀಸರು ಮೊದಲು ಹಿಡಿದದ್ದು ಶಾಲಾ ಬಸ್ಸಿನ ನಿರ್ವಾಹಕನನ್ನು. ದೇಶವೆಲ್ಲ ಅವನ ಮುಖ ನೋಡಿತು. ಬಳಿಕ ತನಿಖೆ ವಹಿಸಿಕೊಂಡ ಸಿಬಿಐ, ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯೊಬ್ಬ ಪರೀಕ್ಷೆ ಮುಂದೂಡಿಸಲು ಕೃತ್ಯ ಎಸಗಿದನೆಂದು ಆರೋಪಿಸಿತು, ಮತ್ತು ನಿರ್ವಾಹಕ ಆರೋಪಮುಕ್ತನಾದ. ಆ ವಿದ್ಯಾರ್ಥಿಯನ್ನು ವಯಸ್ಕನೆಂದು ವಿಚಾರಿಸಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮಕ್ಕಳ ಮನಃಶಾಸ್ತ್ರ ಬಲ್ಲವರು ಮಂಡಳಿಯಲ್ಲಿ ಇಲ್ಲದಿದ್ದಾಗ ತಜ್ಞರ ನೆರವು ಪಡೆಯಲೇಬೇಕೆಂದು 2022ರ ಜುಲೈಯಲ್ಲಿ ನ್ಯಾಯಾಲಯ ಹೇಳಿತು.

ಉತ್ತರ: ಇಬ್ಬರು ಮಕ್ಕಳ ತಂದೆ, ವಿರಾಜಪೇಟೆ

ವಕೀಲರೇ, ತಾವು ಹೇಳಿದ ಕಾನೂನನ್ನು ಒಪ್ಪುತ್ತೇನೆ, ಆದರೆ ನನ್ನ ಅಸಮಾಧಾನ ಬೇರೆಯದು. ಹುಡುಗನಿಗೆ ಜಾಮೀನು ಸಿಗುತ್ತದೆ, ಅವನು ಅದೇ ಊರಿಗೆ, ಅದೇ ರಸ್ತೆಗೆ ಮರಳುತ್ತಾನೆ. ಮಗು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ನೋಡಿ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರೆ ಅದಕ್ಕೆ ಯಾವ ಕಲಮಿದೆ? ಗೋಪ್ಯತೆಯ ಹೆಸರಿನಲ್ಲಿ ಮಗುವಿನ ಮನೆಯವರನ್ನೂ ಕತ್ತಲೆಯಲ್ಲಿಡುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಜನ ಚಿತ್ರ ಹಂಚುವುದು ಬರೀ ಕೆಟ್ಟ ಕುತೂಹಲದಿಂದಲ್ಲ. ವ್ಯವಸ್ಥೆ ತಮಗೆ ಏನನ್ನೂ ಹೇಳುವುದಿಲ್ಲವೆಂಬ ಸಿಟ್ಟೂ ಅದರಲ್ಲಿದೆ.

ಉತ್ತರ: ತೋಟದ ರೈಟರ್, ಸಿದ್ದಾಪುರ

ಕಾನೂನು ನನ್ನ ಕ್ಷೇತ್ರವಲ್ಲ. ತೋಟದಲ್ಲಿ ಬಹಳ ವರ್ಷ ಹಾಜರಿ ಪುಸ್ತಕ ಬರೆದವನಾಗಿ, ಮೇಲಿನ ಬರಹಗಳಲ್ಲಿ ಬಾರದ ಒಂದು ಸಂಗತಿಯನ್ನು ಹೇಳಬೇಕೆನಿಸಿತು.

ಕಾಫಿ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಬೆಳಿಗ್ಗೆ ಎಂಟರ ಮೇಲೆ ದೊಡ್ಡವರೇ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಚೀಲ ಹೆಗಲಿಗೆ ಹಾಕಿ ತೋಟಕ್ಕೆ ಇಳಿದರೆ, ಹಣ್ಣು ಅಳೆದು ಚೀಟಿ ಬರೆಸಿಕೊಂಡು ಬರುವಾಗ ಸಂಜೆಯಾಗಿರುತ್ತದೆ. ಮಧ್ಯೆ ಮೂರು, ನಾಲ್ಕು ವರ್ಷದ ಮಕ್ಕಳನ್ನು ನೋಡಿಕೊಳ್ಳುವವರು ಹನ್ನೆರಡರಿಂದ ಹದಿನೈದರ ಹುಡುಗ ಹುಡುಗಿಯರು, ಅವರಲ್ಲಿ ಅನೇಕರು ಶಾಲೆ ಬಿಟ್ಟವರು, ಅಸ್ಸಾಮಿನಿಂದ ಬಂದ ಕುಟುಂಬಗಳಲ್ಲಿ ಕೆಲವರಿಗೆ ಇಲ್ಲಿನ ಶಾಲೆಯ ಭಾಷೆಯೇ ತಿಳಿಯದು. ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ಏನು ಬರುತ್ತದೆಂದು ಕೇಳುವವರಿಲ್ಲ. ಇಂತಹ ಮಕ್ಕಳೆಲ್ಲ ಅಪರಾಧಿಗಳಾಗುತ್ತಾರೆಂದು ನಾನು ಹೇಳುತ್ತಿಲ್ಲ. ಬಹುಪಾಲು ಹುಡುಗಿಯರು ತಾಯಂದಿರಿಗಿಂತ ಚೆನ್ನಾಗಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದನ್ನು ಕಂಡಿದ್ದೇನೆ. ಆದರೆ ಕೆಡುಕು ನಡೆದರೆ ತಡೆಯುವ ಕಣ್ಣು ಅಲ್ಲಿರುವುದಿಲ್ಲ, ಮತ್ತು ಇದು ಲೈನ್ ಮನೆಗಷ್ಟೇ ಸೀಮಿತವೂ ಅಲ್ಲ. ಮದುವೆ ಮನೆಯ ಮಹಡಿಯಲ್ಲಿ ಮಕ್ಕಳನ್ನೆಲ್ಲ ಒಟ್ಟಿಗೆ ಬಿಟ್ಟು ಕೆಳಗೆ ಊಟಕ್ಕೆ ಕೂರುವ ನಾವೂ ಅದನ್ನೇ ಮಾಡುತ್ತೇವೆ.

50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮ ಜಿಲ್ಲೆಯ ಹೆಚ್ಚಿನ ತೋಟಗಳು ಸಣ್ಣವು, ಆ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕೈದು ತೋಟದ ಮಾಲೀಕರು ಸೇರಿ ಕೊಯ್ಲಿನ ಕಾಲಕ್ಕೆ ವಯಸ್ಸಾದ ಒಬ್ಬಿಬ್ಬರು ಹೆಂಗಸರಿಗೆ ದಿನಗೂಲಿ ಕೊಟ್ಟು ಮಕ್ಕಳನ್ನು ಒಂದೆಡೆ ಕೂರಿಸುವುದು ದೊಡ್ಡ ಖರ್ಚೇನಲ್ಲ.

ಹೇಳಲು ಕಹಿಯಾದ ಮಾತು ಇನ್ನೊಂದಿದೆ. ಏನಾದರೂ ನಡೆದರೆ ಮೊದಲು ಸೇರುವುದು ರಾಜಿ ಪಂಚಾಯಿತಿ. ‘ಹುಡುಗನ ಭವಿಷ್ಯ ಹಾಳಾಗುತ್ತದೆ, ಮಗುವಿನ ಹೆಸರು ಕೆಡುತ್ತದೆ’ ಎಂದು ಹಿರಿಯರು ಐದೋ ಹತ್ತೋ ಸಾವಿರಕ್ಕೆ ಮುಗಿಸುತ್ತಾರೆ, ಕುಟುಂಬ ಬೇರೆ ತೋಟಕ್ಕೆ ಹೋಗುತ್ತದೆ. ಚಿತ್ರ ಹಂಚುವ ಉತ್ಸಾಹದ ಕಾಲುಭಾಗವಾದರೂ ದೂರು ಕೊಡುವುದರಲ್ಲಿ ಇದ್ದಿದ್ದರೆ ಎಂದು ಅನ್ನಿಸುತ್ತದೆ.

ಉತ್ತರ: ವಕೀಲ, ಮಡಿಕೇರಿ

ರೈಟರ್ ಅವರು ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕು: ಅಂತಹ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆಯ 19ನೇ ಕಲಮು ಹೇಳುತ್ತದೆ, ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಶಿಕ್ಷಕಿಯವರು ಇದನ್ನು ತಮ್ಮ ಮುಖ್ಯೋಪಾಧ್ಯಾಯರಿಗೂ ತಿಳಿಸುವುದು ಒಳ್ಳೆಯದು. ಠಾಣೆಗೆ ಹೋಗಲು ಅಳುಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ವಲಸೆ ಬಂದವರ ಮಕ್ಕಳಿಗೆ ವಯಸ್ಸಿನ ದಾಖಲೆಯೇ ಇರುವುದಿಲ್ಲವೆಂಬುದೂ ತೊಡಕು: ಶಾಲೆಯ ಪ್ರಮಾಣಪತ್ರವಾಗಲಿ ಜನನ ಪತ್ರವಾಗಲಿ ಇಲ್ಲದಿದ್ದರೆ ಮೂಳೆ ಪರೀಕ್ಷೆಯ ಅಂದಾಜೇ ಗತಿ, ಮತ್ತು ಹದಿನಾರರ ಆಚೆ ಈಚೆ ಎಂಬ ನಿರ್ಣಯ ಅದರ ಮೇಲೆ ನಿಲ್ಲುತ್ತದೆ.

ವಿರಾಜಪೇಟೆಯವರ ಸಿಟ್ಟಿನಲ್ಲಿ ಹುರುಳಿದೆ. ಬಾಲಕನಿಗೆ ಜಾಮೀನು ಕೊಡುವುದೇ ನಿಯಮ. ಬಿಡುಗಡೆಯಿಂದ ನ್ಯಾಯದ ಉದ್ದೇಶವೇ ಸೋಲುತ್ತದೆ ಎಂಬಂತಹ ಕೆಲವು ಕಾರಣಗಳಿಗೆ ಮಾತ್ರ ಮಂಡಳಿ ಅದನ್ನು ನಿರಾಕರಿಸಬಹುದು. ಆದರೆ ಮಗುವಿನ ಮನೆಯವರನ್ನು ಕತ್ತಲೆಯಲ್ಲಿಡಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಆರೋಪಿಯ ಬಂಧನ, ಜಾಮೀನು, ಬಿಡುಗಡೆಯ ವಿವರವನ್ನು ಅವರಿಗೆ ತಿಳಿಸಬೇಕೆಂದು 2020ರ ಪೋಕ್ಸೊ ನಿಯಮಗಳಲ್ಲಿದೆ, ತಮ್ಮದೇ ವಕೀಲರನ್ನಿಟ್ಟುಕೊಳ್ಳುವ ಹಕ್ಕೂ ಅವರಿಗಿದೆ; ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಒದಗಿಸುತ್ತದೆ. ಹುಡುಗ ಅದೇ ಬಸ್ಸು ಹತ್ತದಂತೆ, ಬೇರೆ ಊರಿನ ಸಂಬಂಧಿಕರ ಮನೆಯಲ್ಲಿರುವಂತೆ ಷರತ್ತು ಹಾಕಬೇಕೆಂದು ಆ ವಕೀಲರು ಮಂಡಳಿಯನ್ನು ಕೇಳಬಹುದು. ಕೇಳುವವರು ಕಡಿಮೆ, ಏಕೆಂದರೆ ಕೇಳಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಅಡ್ಮಿನ್ ಹೊಣೆಯ ಬಗ್ಗೆ: ಸದಸ್ಯನೊಬ್ಬ ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಗಾರರಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ನೀಡಿದೆ. ಅದೇ ಚಿತ್ರವನ್ನು ತಾವು ಇನ್ನೊಂದು ಗುಂಪಿಗೆ ಕಳುಹಿಸಿದರೆ ಮಾತ್ರ ಹೊಣೆ ತಮ್ಮದೇ.

ಪ್ರಶ್ನೆ ಕೇಳಿದವರು: ಶಿಕ್ಷಕಿ, ಗೋಣಿಕೊಪ್ಪಲು

ಎಲ್ಲರಿಗೂ ಧನ್ಯವಾದಗಳು. ಹುಡುಗನ ಹೆಸರಿನಿಂದ ಮಗುವಿನ ಮನೆ ತಿಳಿಯುತ್ತದೆ ಎಂಬ ಮಾತನ್ನು ಗುಂಪಿನ ನಿಯಮಗಳಲ್ಲಿ ಬರೆದು ಹಾಕುತ್ತೇನೆ. ಕಲಮಿನ ಸಂಖ್ಯೆಗಿಂತ ಅದು ಜನರಿಗೆ ಬೇಗ ಅರ್ಥವಾದೀತು. ರೈಟರ್ ಅಣ್ಣ, ಸಿದ್ದಾಪುರದ ಕಡೆ ಮಕ್ಕಳನ್ನು ಒಂದೆಡೆ ಕೂರಿಸುವ ಪ್ರಯತ್ನ ಈ ಸಲದ ಕೊಯ್ಲಿಗೆ ಆಗುವುದಾದರೆ ನನಗೆ ತಿಳಿಸಿ, ಭಾನುವಾರಗಳಲ್ಲಿ ನಾನು ಬರಬಲ್ಲೆ.