ಪದಚರ್ಚೆ: ಅಪರಾಧ ನಕ್ಷೆಯಲ್ಲಿ ‘ಪ್ರಮಾಣ’ ಎಂದರೆ ಎಣಿಕೆಯೋ, ದರವೋ?

ಎಲ್ಲರಿಗೂ ನಮಸ್ಕಾರ.

ಷಿಕಾಗೋ ನಗರಾಡಳಿತ 2001ರಿಂದ ಈಚಿನ ಅಪರಾಧ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದರ ಮೇಲೊಂದು ನಕ್ಷೆ-ಕಥನ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಒಂದು ಗುಂಡಿ ಒತ್ತಿದರೆ ಒಟ್ಟು ಪ್ರಕರಣ, ಇನ್ನೊಂದು ಒತ್ತಿದರೆ ಲಕ್ಷ ಜನಕ್ಕೆ ಎಷ್ಟು ಎಂಬುದು. ಎರಡನ್ನೂ ನಾವು ‘ಅಪರಾಧ ಪ್ರಮಾಣ’ ಎಂದೇ ಬರೆದುಬಿಡುತ್ತೇವಲ್ಲ, ಹೇಗೆ ಬಿಡಿಸುವುದು? ಲೆಕ್ಕಕ್ಕೆ ತಕ್ಕಂತೆ ಪ್ರದೇಶಗಳಿಗೆ ತಿಳಿ-ಗಾಢ ಬಣ್ಣ ತುಂಬುವ ‘ಕೊರೊಪ್ಲೆತ್’ ನಕ್ಷೆಗೆ ಏನೆನ್ನೋಣ? ಥೆಫ್ಟ್, ಬರ್ಗ್ಲರಿ, ರಾಬರಿ?

ಉತ್ತರ:

‘ಪ್ರಮಾಣ’ ಬಿಟ್ಟುಬಿಡಿ. ಮಳೆಯ ಪ್ರಮಾಣ ಅಂದರೆ ಮೊತ್ತ, ಸಿಮೆಂಟು-ಮರಳಿನ ಪ್ರಮಾಣ ಅಂದರೆ ಅನುಪಾತ; ಎರಡೂ ಸರಿಯೇ, ತೊಡಕಿರುವುದೂ ಅಲ್ಲೇ. ‘ದರ’ವೂ ಅಷ್ಟಕ್ಕಷ್ಟೆ. ‘ಕಳವಿನ ದರ’ ಅಂದರೆ ಕದ್ದ ಮಾಲಿನ ಬೆಲೆಪಟ್ಟಿಯೇನೋ ಅನ್ನಿಸುತ್ತದೆ. ಗುಂಡಿಗಳ ಮೇಲೆ ‘ಒಟ್ಟು ಪ್ರಕರಣ’, ‘ಲಕ್ಷ ನಿವಾಸಿಗಳಿಗೆ’ ಎಂದು ಹಾಕಿ. ‘ಜನರಿಗೆ’ ಬೇಡ, ‘ನಿವಾಸಿಗಳಿಗೆ’ ಎಂದೇ ಇರಲಿ. ಲೂಪ್ ಎಂಬ ನಡುಪೇಟೆಯಲ್ಲಿ ಮನೆ ಮಾಡಿರುವವರು ಕಡಿಮೆ, ಹಗಲು ಬಂದುಹೋಗುವವರು ವಿಪರೀತ. ಭಾಗಿಸುವ ನಿವಾಸಿಗಳ ಸಂಖ್ಯೆ ಚಿಕ್ಕದಾದ್ದರಿಂದ ಅಲ್ಲಿನ ಕಳವು ಮುಗಿಲು ಮುಟ್ಟಿದಂತೆ ಕಾಣುತ್ತದೆ. ‘ನಿವಾಸಿ’ ಎಂಬ ಪದವೇ ಓದುಗರಿಗೆ ಆ ಸುಳಿವು ಕೊಡುತ್ತದೆ.

ಕೊರೊಪ್ಲೆತ್‌ಗೂ ಬಣ್ಣಕ್ಕೂ ಪದದ ಮೂಲದಲ್ಲಿ ನಂಟಿಲ್ಲ. ಗ್ರೀಕಿನಲ್ಲಿ ‘ಕೊರೊ’ ಎಂದರೆ ಪ್ರದೇಶ. ಆದರೂ ಕಣ್ಣಿಗೆ ಕಾಣುವುದು ಬಣ್ಣದ ಏರಿಳಿತವೇ ಆದ್ದರಿಂದ ‘ಛಾಯೆ ನಕ್ಷೆ’ ಸಾಕು. ಅದರಲ್ಲಿ ಲಕ್ಷಕ್ಕಿಷ್ಟು ಎಂಬ ಲೆಕ್ಕವನ್ನಷ್ಟೇ ತುಂಬಿ. ಒಟ್ಟು ಎಣಿಕೆ ತುಂಬಿದರೆ ದೊಡ್ಡ ಬಡಾವಣೆಗಳೆಲ್ಲ ಸುಮ್ಮಸುಮ್ಮನೆ ಕಪ್ಪಾಗುತ್ತವೆ. ಎಣಿಕೆಗೆ ಚಿಕ್ಕದೊಡ್ಡ ವೃತ್ತಗಳಿರಲಿ.

ಥೆಫ್ಟ್ ಕಳವು, ಬರ್ಗ್ಲರಿ ಕನ್ನ ಕಳವು (ನಮ್ಮ ಠಾಣೆಗಳ ಮಾತೇ), ರಾಬರಿ ಸುಲಿಗೆ. ‘ದರೋಡೆ’ ಬಳಸಬೇಡಿ, ನಮ್ಮ ಕಾನೂನಿನಲ್ಲಿ ಅದಕ್ಕೆ ಐವರಾದರೂ ಇರಬೇಕು, ಷಿಕಾಗೋ ಪಟ್ಟಿಯಲ್ಲಿ ಅಂಥ ವರ್ಗವೇ ಇಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು. ನಕ್ಷೆಯಲ್ಲಿ ಒಂದೊಂದು ಪ್ರಕರಣವನ್ನು ತೋರುವ ಬಿಂದುವಿನ ಮೇಲೆ ಬೆರಳಿಟ್ಟಾಗ ‘ಘಟನಾ ಸ್ಥಳ’ ಎಂದು ಬರದಿರಲಿ, ‘ಅಂದಾಜು ಸ್ಥಳ’ ಎಂದಿರಲಿ. ಆ ದತ್ತಾಂಶದಲ್ಲಿ ವಿಳಾಸ ಬೀದಿಯ ತುಂಡಿನ ಮಟ್ಟಕ್ಕೇ ನಿಲ್ಲುತ್ತದೆ, ಮನೆ ನಂಬರು ಇರುವುದಿಲ್ಲ. ಚುಕ್ಕೆಗಳು ಮುತ್ತಿಕೊಂಡಲ್ಲೆಲ್ಲ ‘ಅಪರಾಧದ ಗೂಡು’ ಎಂಬ ಪಟ್ಟಿ ಅಂಟಿಸುವುದೂ ಅಪಾಯ. ಲಾಸ್ ಏಂಜಲೀಸ್ ಪೊಲೀಸರ ನಕ್ಷೆಯಲ್ಲಿ ವಿಳಾಸ ಪತ್ತೆಯಾಗದ ಪ್ರಕರಣಗಳೆಲ್ಲ ನಗರಸಭೆ ಕಟ್ಟಡದ ಹತ್ತಿರದ ಒಂದೇ ಬಿಂದುವಿನಲ್ಲಿ ಕೂತು, ಊರಿಗೆಲ್ಲ ಅದೇ ಅತಿ ಕೆಟ್ಟ ಜಾಗವೆಂಬಂತೆ ಕಂಡಿದ್ದು 2009ರಲ್ಲಿ ಬಯಲಾಯಿತು. ಒಂದೇ ಅಕ್ಷಾಂಶ-ರೇಖಾಂಶ ಎಷ್ಟು ಸಾಲುಗಳಲ್ಲಿ ಮರುಕಳಿಸಿದೆ ಎಂದು ಮೊದಲು ಎಣಿಸಿ.

ಷಿಕಾಗೋ ದತ್ತಾಂಶದಲ್ಲಿ ತೀರಾ ಈಚಿನ 7 ದಿನಗಳ ಪ್ರಕರಣ ಇರುವುದಿಲ್ಲ. ಹಾಗಾಗಿ ತಿಂಗಳವಾರು ಗೆರೆಯ ತುದಿ ಬಾಗಿದಾಗ ‘ಇಳಿಕೆ’ ಅನ್ನದೆ ‘ಅಪೂರ್ಣ ತಿಂಗಳು’ ಎಂದು ಬರೆಯಿರಿ.