ಮಳೆಗಾಲ ಬಂತಂದ್ರೆ ಕೈ ಬಿರೀತದೆ, ಕಾಲ್ಬೆರಳ ಸಂದಿ ಬೆಳ್ಳಗಾಗ್ತದೆ: ಮುರುಗಲ ತುಪ್ಪ ಹಚ್ಚಬಹುದಾ?

ಅಂಕೋಲೆ_ಅಡುಗೆಮನೆ:

ಎಲ್ರಿಗೂ ನಮಸ್ಕಾರ. ನಾನು ಅಂಕೋಲೆ ಹತ್ರದವಳು, 9 ವರ್ಷದಿಂದ ಶಾಲೇಲಿ ಬಿಸಿಯೂಟದ ಅಡುಗೆ ಮಾಡ್ತಾ ಇದ್ದೇನೆ. ಬೆಳಿಗ್ಗೆ ಅಕ್ಕಿ ತೊಳೆಯುಕೆ ಕೈ ಹಾಕಿದ್ರೆ ಮಧ್ಯಾಹ್ನ ದೊಡ್ಡ ಪಾತ್ರೆ ತಿಕ್ಕಿ ಕವುಚಿ ಹಾಕೋವರೆಗೂ ಕೈ ನೀರಲ್ಲೇ ಇರ್ತದೆ. ಬೇಸಿಗೇಲಿ ಹೆಂಗೋ ನಡೀತದೆ, ಜೂನ್ ಹಿಡಿದ ಕೂಡ್ಲೆ ಶುರು. ಎಡಗೈ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಒಣಗಿ ಗೆರೆ ಗೆರೆಯಾಗಿ ಬಿರೀತದೆ, ಬಲಗೈಯದು ಸ್ವಲ್ಪ ಕಮ್ಮಿ. ಮೊನ್ನೆ ಹುಣಸೆಹಣ್ಣು ಕಿವುಚುವಾಗ ಉರಿ ತಡೀಲಿಕ್ಕೆ ಆಗದೆ ಕಣ್ಣಲ್ಲಿ ನೀರು ಬಂತು.

ಕಾಲಿಂದು ಬೇರೆ. ಕೊನೇ ಎರಡು ಬೆರಳ ಸಂದಿ ನೆನೆದ ಅವಲಕ್ಕಿ ಹಾಗೆ ಬೆಳ್ಳಗೆ ಮೆತ್ತಗಾಗಿ ಸಿಪ್ಪೆ ಏಳ್ತದೆ, ರಾತ್ರಿ ತುರಿಕೆ, ಒಂದು ನಮೂನೆ ವಾಸನೆ. ಹಿಮ್ಮಡಿ ಒಡೆಯೋದಂತೂ ವರ್ಷಪೂರ್ತಿ ಇದ್ದದ್ದೇ.

ನಮ್ಮ ಅತ್ತೆ ಶಿರಸಿ ಕಡೆಯವರು, "ಮುರುಗಲ ತುಪ್ಪ ಹಚ್ಚು, ಎಲ್ಲ ಹೋಗ್ತದೆ" ಅಂದ್ರು. ಮುರುಗಲು ಅಂದ್ರೆ ಕೋಕಂ, ಅದರ ಬೀಜದಿಂದ ತೆಗೆಯೋ ಗಟ್ಟಿ ಜಿಡ್ಡು ಇದು. ಅವರು ಕೊಟ್ಟ ಉಂಡೆಯನ್ನ 15 ದಿನ ಕೈಗೆ, ಹಿಮ್ಮಡಿಗೆ, ಬೆರಳ ಸಂದಿಗೆ ಎಲ್ಲದಕ್ಕೂ ಹಚ್ಚಿದೆ. ಹಿಮ್ಮಡಿ ನಿಜವಾಗ್ಲೂ ಮೆತ್ತಗಾಯ್ತು. ಕೈ ಅರ್ಧಕ್ಕರ್ಧ. ಬೆರಳ ಸಂದಿ ಮಾತ್ರ ಮೊದಲಿಗಿಂತ ಜಾಸ್ತಿಯಾಗಿ ಈಗ ಚಪ್ಪಲಿ ಹಾಕುಕೇ ಕಷ್ಟ. ಈರುಳ್ಳಿ ವಾಸನೆ ಹೋಗ್ಲಿ ಅಂತ ದಿನಾ ಲಿಂಬೆಹಣ್ಣಿನ ಸಿಪ್ಪೆ ಕೈಗೆ ತಿಕ್ಕೊಳ್ತೇನೆ, ಅದೂ ಇರಲಿ ಅಂತ ಹೇಳಿದೆ. ತುಪ್ಪವೇ ಸರಿ ಇಲ್ವಾ ಅಥವಾ ನಾನು ಹಚ್ಚಿದ್ದು ತಪ್ಪಾ? ಪ್ಯಾಟೇಲಿ ಸಿಗೋದ್ರಲ್ಲಿ ಅಸಲಿ ಯಾವುದು ಅಂತ ಗೊತ್ತು ಮಾಡುಕೆ ಹೆಂಗೆ? ಮನೆಮದ್ದು ಗೊತ್ತಿದ್ರೆ ಹೇಳಿ, ಡಾಕ್ಟರ ಹತ್ರವೇ ಹೋಗ್ಬೇಕು ಅಂತಿದ್ರೆ ಅದನ್ನೂ ಹೇಳಿ.

ಕಾನಂಚಿನ_ಮನೆ:

ತಂಗೀ, ನಿನ್ನ ಅತ್ತೆ ಹೇಳಿದ್ದು ಸರಿ, ಆದರೆ ಅರ್ಧ ಹೇಳಿದಾರೆ. ಮುರುಗಲ ತುಪ್ಪ ಒಣಗಿ ಒಡೆದ ಚರ್ಮಕ್ಕೆ. ಹಿಮ್ಮಡಿ, ತುಟಿ, ಚಳಿಗೆ ಬಿರಿಯೋ ಕೆನ್ನೆ, ಇಂಥದ್ದಕ್ಕೆ ಅದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಬೆರಳ ಸಂದಿ ಮೊದಲೇ ನೀರು ಕುಡಿದು ಕೂತಿದೆ, ಅದರ ಮೇಲೆ ಜಿಡ್ಡು ಮೆತ್ತಿದ್ರೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ, ಪಸೆ ಒಳಗೇ ಉಳೀತದೆ. ನಮ್ಮ ತೋಟದ ಕೆಲಸಕ್ಕೆ ಬರೋ ಹೆಂಗಸರು ಮಳೆಗಾಲದಲ್ಲಿ ಬೆರಳ ಸಂದಿಗೆ ತುಪ್ಪ ಮುಟ್ಟಿಸೋದೇ ಇಲ್ಲ, ಸಂಜೆ ಕಾಲು ತೊಳೆದು ಬಟ್ಟೇಲಿ ಒರೆಸಿ ಬಚ್ಚಲ ಒಲೆ ಮುಂದೆ ಬೆರಳು ಅಗಲಿಸಿ ಕೂತ್ಕೊಳ್ತಾರೆ, ಪೂರಾ ಒಣಗಿದ ಮೇಲೇ ಏಳೋದು.

ಅಸಲಿ ನೋಡೋದು ಸುಲಭ. ಒಳ್ಳೆ ತುಪ್ಪ ಗಟ್ಟಿ ಇರ್ತದೆ, ಉಗುರಲ್ಲಿ ಗೀರಿದ್ರೆ ಪುಡಿ ಉದುರ್ತದೆ, ಬಣ್ಣ ಪೂರಾ ಬಿಳಿಯಲ್ಲ, ತಿಳಿ ಹಳದಿ ಮಿಶ್ರ. ಒತ್ತಿದ ಕೂಡ್ಲೆ ಡಾಲ್ಡಾದ ಹಾಗೆ ಮೆತ್ತಗೆ ಬೆರಳಿಗೆ ಬಂದ್ರೆ ಅದರಲ್ಲಿ ಬೇರೆ ಏನೋ ಸೇರಿದೆ ಅಂತ ಲೆಕ್ಕ.

ನಾವು ಮನೇಲೇ ಮಾಡೋದು, ಒಮ್ಮೆ ಓದ್ಕೋ, ಯಾಕೆ ರೇಟು ಜಾಸ್ತಿ ಅಂತ ಗೊತ್ತಾಗ್ತದೆ. ಏಪ್ರಿಲ್ ಮೇನಲ್ಲಿ ಹಣ್ಣು ಆಯ್ದು ತಂದು ಸಿಪ್ಪೆ ಬಿಡಿಸಿ ಉಪ್ಪು ಹಾಕಿ ಒಣಗಿಸ್ತೇವೆ, ಅದು ಸಾರಿಗೆ ಪಾನಕಕ್ಕೆ. ಬೀಜದ ಲೋಳೆ ಹೋಗೋ ಹಾಗೆ ತಿಕ್ಕಿ ತೊಳೆದು ಅಂಗಳದಲ್ಲಿ ಹರವಬೇಕು, ಮಳೆ ಬೀಳೋದ್ರೊಳಗೆ ಗರಿಗರಿ ಒಣಗದಿದ್ರೆ ಬೂಸಲು ಬಂದು ಎಲ್ಲ ಹಾಳು. ಆಮೇಲೆ ಕುಟ್ಟಿ ಮೇಲಿನ ಸಿಪ್ಪೆ ಗೇರಿ ಒಳಗಿನ ತಿರುಳನ್ನ ಒರಳಲ್ಲಿ ಹಿಟ್ಟು ಮಾಡಿ, ಅಗಲ ಬಾಯಿ ಪಾತ್ರೇಲಿ ನೀರು ಕುದಿಸಿ ಅದರಲ್ಲಿ ಹಾಕಿ ಸಣ್ಣ ಉರೀಲಿ ತಾಸುಗಟ್ಟಲೆ ಬಿಡ್ತೇವೆ. ಮೇಲೆ ಎಣ್ಣೆ ಕಣ್ಣು ಕಣ್ಣಾಗಿ ತೇಲ್ತದೆ. ರಾತ್ರಿ ಯಾರೂ ಮುಟ್ಟಬಾರದು. ಬೆಳಿಗ್ಗೆ ನೋಡಿದ್ರೆ ನೀರಿನ ಮೇಲೆ ರೊಟ್ಟಿ ಹಾಗೆ ಹೆಪ್ಪುಗಟ್ಟಿ ನಿಂತಿರ್ತದೆ, ಅದನ್ನ ಎತ್ತಿ ಇನ್ನೊಮ್ಮೆ ಕಾಸಿ ಚಟಪಟ ನಿಂತ ಮೇಲೆ ಬಟ್ಟೇಲಿ ಸೋಸಿ, ಗಟ್ಟಿಯಾಗ್ತಾ ಬರುವಾಗ ಅಂಗೈಲಿ ಉಂಡೆ ಕಟ್ಟೋದು. ಒಂದು ಕೇಜಿ ಒಣ ಬೀಜಕ್ಕೆ ಕಾಲು ಕೇಜಿ ತುಪ್ಪವೂ ನಮ್ಮ ಕೈಗೆ ಬರೋದಿಲ್ಲ.

ಹಚ್ಚೋ ಕ್ರಮ ಹೇಳ್ತೇನೆ. ರಾತ್ರಿ ಉಗುರು ಬಿಸಿ ನೀರಲ್ಲಿ ಹಿಮ್ಮಡಿ 10 ನಿಮಿಷ ನೆನೆಸಿ, ಕಲ್ಲಲ್ಲಿ ಮೆಲ್ಲಗೆ ಉಜ್ಜಿ, ಒರೆಸಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ಹಚ್ಚಬೇಕು. ಕಬ್ಬಿಣದ ಚಮಚದಲ್ಲಿ ಉಂಡೆಯ ಚೂರು ಹಾಕಿ ದೀಪಕ್ಕೆ ಹಿಡಿದ್ರೆ ಕರಗ್ತದೆ, ಕೈಗೆ ಮುಟ್ಟಿ ನೋಡಿ ಬೆಚ್ಚಗಾದ ಮೇಲೆ ಬಿರುಕಿನೊಳಗೆ ಬಿಡು, ಬಿಸಿ ಬಿಸಿ ಹೊಯ್ಯಬೇಡ. ಮೇಲಿಂದ ಹಳೇ ಕಾಟನ್ ಸಾಕ್ಸ್ ಹಾಕಿ ಮಲಗು. ಲಿಂಬೆ ಮಾತ್ರ ಇವತ್ತೇ ಬಿಡು ಮಾರಾಯ್ತಿ, ಒಡೆದ ಕೈಗೆ ಹುಳಿ ತಿಕ್ಕೋದಾ! ವಾಸನೆಗೆ ಒಂದು ಚಮಚ ಕಡಲೆಹಿಟ್ಟು ಸಾಕು.

ಗೋಕರ್ಣ_ರಸ್ತೆ:

ನಮ್ಮ ಮನೇಲಿ ಇಂಥ ಕಾಲಿಗೆ ಸಾಣಿಕಟ್ಟಾ ಉಪ್ಪು ಬಿಸಿನೀರಿಗೆ ಹಾಕಿ ಕಾಲು ಇಡ್ತಾರೆ, ತುರಿಕೆ ಕಮ್ಮಿಯಾಗ್ತದೆ. ಮತ್ತೆ ಗಜಕರ್ಣಕ್ಕೆ ಸೀಮೆ ಅಗಸೆ ಸೊಪ್ಪು ಜಜ್ಜಿ ಹಚ್ಚೋದು, ಹಳದಿ ಹೂವು ಮೇಣದ ಬತ್ತಿ ಹಾಗೆ ನೆಟ್ಟಗೆ ನಿಲ್ತದಲ್ಲ ಆ ಗಿಡ. ಅಕ್ಕ ಅದನ್ನೂ ಮಾಡಿ ನೋಡ್ಬಹುದು ಅಂತ ನನಗೆ ಅನ್ನಿಸ್ತದೆ.

ಕಾಳೀತೀರದ_ಸಿಸ್ಟರ್:

ನಾನು ಕಾರವಾರದಲ್ಲಿ ನರ್ಸ್, ಡಾಕ್ಟರ್ ಅಲ್ಲ, ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಇಂಥ ಕಾಲುಗಳನ್ನ ದಿನಾ ನೋಡ್ತೇನೆ. ಅಕ್ಕಾ ನಿಮಗೆ ಇರೋದು ಒಂದಲ್ಲ, ಮೂರು ತೊಂದರೆ, ಅದಕ್ಕೇ ಒಂದೇ ಮದ್ದು ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಕೈ ಕೊಟ್ಟಿದ್ದು.

ಹಿಮ್ಮಡಿ ಬಗ್ಗೆ ಕಾನಂಚಿನ ಅಕ್ಕ ಹೇಳಿದ್ದೇ ಸಾಕು. ಮುರುಗಲ ತುಪ್ಪ ಕರಗೋದು ಸುಮಾರು 38ರಿಂದ 40 ಡಿಗ್ರಿಗೆ, ನಮ್ಮ ಚರ್ಮ ಅಷ್ಟು ಬಿಸಿ ಇರೋದಿಲ್ಲ, ಹಾಗಾಗಿ ಅದು ಹರಿದು ಹೋಗದೆ ಮೇಲೆ ಪದರದ ಹಾಗೆ ನಿಂತು ಒಳಗಿನ ನೀರಂಶ ಆರದ ಹಾಗೆ ತಡೀತದೆ. ಬೆರಳ ಸಂದಿಗೆ ಅದು ಆಗದೇ ಇರೋದಕ್ಕೂ ಇದೇ ಕಾರಣ. ಅಲ್ಲಿ ನೀವು ಹೇಳಿದ ಲಕ್ಷಣ ನೋಡಿದ್ರೆ ಫಂಗಸ್, ಅದು ಹೆಚ್ಚಾಗಿ ಶುರುವಾಗೋದೇ ಕೊನೇ ಎರಡು ಬೆರಳ ನಡುವೆ, ಯಾಕಂದ್ರೆ ಅಲ್ಲಿ ಗಾಳಿ ಆಡೋದಿಲ್ಲ. ಉಪ್ಪು ನೀರಲ್ಲಿ ಕಾಲು ಇಟ್ಟರೆ ಹಿತ ಅನ್ನಿಸಬಹುದು, ಆದರೆ ಆಮೇಲೆ ಒಣಗಿಸದಿದ್ರೆ ಮತ್ತೆ ಅಲ್ಲಿಗೇ ಬಂತು. ಸೀಮೆ ಅಗಸೆಗೆ ಫಂಗಸ್ ತಡೆಯೋ ಗುಣ ಇರೋದು ಹೌದು, ಆದ್ರೆ ಸಿಪ್ಪೆ ಎದ್ದು ಹಸಿ ಕಾಣೋ ಜಾಗಕ್ಕೆ ಹಸಿ ಸೊಪ್ಪಿನ ರಸ ಬೇಡ, ಉರಿದು ಇನ್ನೊಂದು ಗಾಯ ಆಗ್ತದೆ. ಬೆಳ್ಳುಳ್ಳಿ ಜಜ್ಜಿ ಕಟ್ಟೋರೂ ಇದ್ದಾರೆ, ಅದರಿಂದ ಬೊಕ್ಕೆ ಎದ್ದು ಬಂದವರನ್ನ ನಾನೇ ನೋಡಿದ್ದೇನೆ.

ಕ್ಲೋಟ್ರಿಮಜೋಲ್ ಅನ್ನೋ ಸಾದಾ ಮುಲಾಮು ಸಿಗ್ತದೆ, 1 ಪರ್ಸೆಂಟಿನದು. ದಿನಕ್ಕೆ ಎರಡು ಸಲ ಒಣಗಿದ ಸಂದಿಗೆ ತೆಳ್ಳಗೆ ಹಚ್ಚಿ, ಪೂರಾ ಹೋದ ಹಾಗೆ ಕಂಡ ಮೇಲೂ ಎರಡು ವಾರ ಬಿಡಬೇಡಿ, ತುರಿಕೆ ನಿಂತ ದಿನವೇ ಬಿಟ್ಟರೆ ತಿರುಗಿ ಬರ್ತದೆ. ಒಂದು ಮಾತು ದಯವಿಟ್ಟು ನೆನಪಿಡಿ, ಅಂಗಡೀಲಿ "ಮಿಕ್ಸ್ ಕ್ರೀಮು, ಬೇಗ ಗುಣ" ಅಂತ ಕೊಟ್ಟರೆ ಟ್ಯೂಬಿನ ಮೇಲೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. ಎರಡು ದಿನದಲ್ಲಿ ಕೆಂಪು ತುರಿಕೆ ಎಲ್ಲ ಮಾಯ ಆದ ಹಾಗೆ ಕಾಣ್ತದೆ, ಫಂಗಸ್ ಮಾತ್ರ ಒಳಗೆ ಹಬ್ಬುತ್ತಾ ಹೋಗ್ತದೆ. ಒಬ್ರು ಮೀನು ಮಾರೋ ಅಮ್ಮ ಹಾಗೇ ತಿಂಗಳುಗಟ್ಟಲೆ ಹಚ್ಚಿ ತೊಡೆ ಸಂದಿ ಚರ್ಮ ಕಾಗದದಷ್ಟು ತೆಳ್ಳಗಾಗಿ ಬಂದಿದ್ರು, ನೋಡಿ ತುಂಬಾ ಬೇಜಾರಾಯ್ತು.

ಇನ್ನು ಕೈ. ನಮ್ಮ ಚರ್ಮಕ್ಕೆ ತನ್ನದೇ ಒಂದು ಸಣ್ಣ ಹುಳಿ ಇರ್ತದೆ, ಪಿಎಚ್ 5ರ ಆಸುಪಾಸು (ಪಿಎಚ್ ಅಂದ್ರೆ ಹುಳಿ, ಕ್ಷಾರದ ಅಳತೆ, ಅಂಕೆ ಇಳಿದಷ್ಟು ಹುಳಿ ಜಾಸ್ತಿ). ಬಾರ್ ಸೋಪು 9, 10 ತನಕ ಹೋಗ್ತದೆ, ಲಿಂಬೆರಸ 2ರ ಹತ್ರ ಇರ್ತದೆ. ನೀವು ದಿನಾ ಆ ಕಡೆಯಿಂದ ಕ್ಷಾರ ಈ ಕಡೆಯಿಂದ ಹುಳಿ ಹಾಕ್ತಾ ಇದ್ದೀರಿ, ನಡುವೆ ಚರ್ಮದಲ್ಲಿ ಇರೋ ಜಿಡ್ಡನ್ನೂ ನೀರು ತೊಳೆದು ಒಯ್ತದೆ. ಪಾತ್ರೆ ತಿಕ್ಕುವಾಗ ಒಳಗೊಂದು ತೆಳು ಕಾಟನ್ ಗ್ಲೌಸ್, ಮೇಲೊಂದು ರಬ್ಬರ್ ಗ್ಲೌಸ್ ಹಾಕಿ, ಒಳಗೆ ಬೆವರಿದ ಕೂಡ್ಲೆ ತೆಗೀರಿ. ತುಪ್ಪವನ್ನ ಕೆಲಸ ಮುಗಿದು ಕೈ ಒರೆಸಿದ ಕೂಡ್ಲೆ ಹಚ್ಚಿ, ರಾತ್ರಿ ಒಂದು ಸಲ ಹಚ್ಚಿದ್ರೆ ಸಾಲೋದಿಲ್ಲ.

ನಿಮಗೆ ಶುಗರ್ ಇದೆಯಾ ಅಂತ ಬರೆದಿಲ್ಲ. ಇದ್ರೆ ಬಿಸಿನೀರು, ಕಲ್ಲಲ್ಲಿ ಉಜ್ಜೋದು ಯಾವುದೂ ಬೇಡ, ಕಾಲಿಗೆ ಸ್ಪರ್ಶ ಕಮ್ಮಿ ಇದ್ರೆ ಸುಟ್ಟದ್ದೂ ಗೊತ್ತಾಗೋದಿಲ್ಲ, ಸೀದಾ ಡಾಕ್ಟರಿಗೆ ತೋರಿಸಿ. ಪಾದ ಕೆಂಪಾಗಿ ಬಾತು ಮೇಲಕ್ಕೆ ಏರ್ತಾ ಇದ್ರೆ, ಕೀವು ಅಥವಾ ಜ್ವರ ಬಂದ್ರೆ ಯಾರಾದ್ರೂ ಸರಿ ಅದೇ ದಿನ ಹೋಗ್ಬೇಕು.

ಕುಮಟೆ_ಅಪ್ಪ:

ಲಿಂಬೆ ವಿಷಯ ಬಂತು ಅಂತ ಬರೀತಾ ಇದ್ದೇನೆ. ನನ್ನ ಮಗಳು ಪಿಯುಸಿ, ಯಾವುದೋ ರೀಲ್ಸ್ ನೋಡಿ ಮುಖದ ಕಲೆ ಹೋಗ್ತದೆ ಅಂತ ಲಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಹಚ್ಕೊಂಡು, ಸರಿಯಾಗಿ ತೊಳೆಯದೆ ಆಟದ ಮೈದಾನಕ್ಕೆ ಹೋಗಿದ್ಲು. ಮಾರನೇ ದಿನ ಗದ್ದ ಕೆಂಪಾಗಿ ಬೊಕ್ಕೆ, ಆಮೇಲೆ ಅದೇ ಜಾಗ ರಸ ಇಳಿದ ಗೆರೆಯ ಹಾಗೇ ಕಂದು ಬಣ್ಣಕ್ಕೆ ತಿರುಗ್ತು. ಲಿಂಬೆಯಲ್ಲಿರೋ ಒಂದು ಅಂಶ ಬಿಸಿಲು ತಾಗಿದ್ರೆ ಚರ್ಮ ಸುಡ್ತದೆ ಅಂತ ಚರ್ಮದ ಡಾಕ್ಟರು ಬಿಡಿಸಿ ಹೇಳಿದ್ರು. ಮಗು ನಾಲ್ಕು ತಿಂಗಳು ಕನ್ನಡಿ ನೋಡೋದೇ ಬಿಟ್ಟಿತ್ತು, ಅಪ್ಪನಾಗಿ ಅದನ್ನ ನೋಡುಕೆ ಆಗ್ತಿರಲಿಲ್ಲ. ಏನೂ ಹಚ್ಚದೆ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನು ಕೊಡೆ ಇಷ್ಟರಲ್ಲೇ ನಿಧಾನ ತಿಳಿಯಾಯ್ತು. ಈಗ ನಮ್ಮ ಮನೇಲಿ ಯಾವ ಹೊಸ ಲೇಪ ಆದ್ರೂ, ಅರಿಶಿನ ಆದ್ರೂ ಸರಿ, ಮೊದಲು ಮೊಳಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡೋದು.

ಅಂಕೋಲೆ_ಅಡುಗೆಮನೆ:

ಮೂರು ವಾರ ಆಯ್ತು, ಹೇಳ್ಲೇಬೇಕು ಅಂತ ಬಂದೆ. ಶುಗರ್ ಚೆಕ್ ಮಾಡಿಸಿದೆ, ಇಲ್ಲ. ಮನೆಯವರ ಹಳೇ ಬನಿಯನ್ ಕತ್ತರಿಸಿ ಪಟ್ಟಿ ಮಾಡಿಟ್ಟಿದ್ದೇನೆ, ಮನೆಗೆ ಬಂದ ಕೂಡ್ಲೆ ಒಂದೊಂದು ಬೆರಳ ಸಂದೀನೂ ಒರೆಸಿ, ಮುಲಾಮು ಹಚ್ಚಿ, ಬೆರಳ ನಡುವೆ ಒಣ ಪಟ್ಟಿ ಸಿಕ್ಕಿಸಿ ಕೂರ್ತೇನೆ. ಚಪ್ಪಲಿ ಎರಡು ಜೊತೆ ಮಾಡ್ಕೊಂಡೆ, ಒಂದು ಒಲೆ ಮೇಲಿನ ಅಟ್ಟದಲ್ಲಿ ಒಣಗ್ತಾ ಇರ್ತದೆ. ವಾಸನೆ ಒಂದೇ ವಾರದಲ್ಲಿ ಹೋಯ್ತು, ತುರಿಕೆ ಈಗ ಇಲ್ಲ, ಮುಲಾಮು ಬಿಟ್ಟಿಲ್ಲ. ಬಲಗೈ ಚೆನ್ನಾಗಾಗಿದೆ. ಎಡಗೈಯ ಆ ಮೂರು ಬೆರಳ ತುದಿ ಮಾತ್ರ ಇನ್ನೂ ಹಾಗೇ, ಗ್ಲೌಸ್ ಹಾಕಿದ್ರೂ ಬಿರೀತದೆ. ಮತ್ತೆ ಕಾನಂಚಿನ ಅಕ್ಕಾ, ಮನೇಲಿ ಇನ್ನೊಂದು ಹಳೇ ಉಂಡೆ ಸಿಕ್ಕಿತು, ಎರಡು ಮೂರು ವರ್ಷದ್ದು, ಸ್ವಲ್ಪ ವಾಸನೆ ಬರ್ತದೆ, ಹಚ್ಚಬಹುದಾ?

ಕಾನಂಚಿನ_ಮನೆ:

ಕಮಟು ವಾಸನೆ ಬಂದಿದ್ರೆ ಒಡೆದ ಚರ್ಮಕ್ಕೆ ಬೇಡ ತಂಗಿ, ಕತ್ತಿ ಹಿಡಿಗೆ ಹಚ್ಚು. ಹೊಸದನ್ನ ಒಣ ಡಬ್ಬೀಲಿ ಹಾಕಿ ಬಿಸಿಲು ಬೀಳದ ಕಡೆ ಇಡು, ಒದ್ದೆ ಕೈಲಿ ಮುಟ್ಟಬೇಡ.

ಕಾಳೀತೀರದ_ಸಿಸ್ಟರ್:

ಅಕ್ಕಾ ಕಾಲಿನ ಸುದ್ದಿ ಓದಿ ತುಂಬಾ ಖುಷಿಯಾಯ್ತು. ಎಡಗೈ ಮೂರು ಬೆರಳು ಅಂದ್ರಲ್ಲ, ಅದೇ ಯೋಚನೆ ಆಗಿತ್ತು. ಶಾಲೇಲಿ ಬೆಳ್ಳುಳ್ಳಿ ಸುಲಿಯೋದು ಯಾರು? ಬಲಗೈಲಿ ಚಾಕು ಹಿಡಿಯೋರು ಬೆಳ್ಳುಳ್ಳಿ ಎಸಳನ್ನ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡೀತಾರೆ, ಬೆಳ್ಳುಳ್ಳಿ ಅಲರ್ಜಿ ಇದ್ರೆ ಸರಿಯಾಗಿ ಆ ತುದಿಗಳೇ ಒಣಗಿ ಒಡೀತವೆ. ಅದರ ಅಂಶ ಗ್ಲೌಸ್ ದಾಟಿಯೂ ಬರ್ತದೆ. ಒಂದು ತಿಂಗಳು ಬೆಳ್ಳುಳ್ಳಿ ಮುಟ್ಟದೆ ನೋಡಿ, ಆಮೇಲೂ ಹಾಗೇ ಇದ್ರೆ ಚರ್ಮದ ಡಾಕ್ಟರಿಗೆ ತೋರಿಸಿ.

ಅಂಕೋಲೆ_ಅಡುಗೆಮನೆ:

ಸಿಸ್ಟರ್, 9 ವರ್ಷದಿಂದ ಬೆಳ್ಳುಳ್ಳಿ ಸುಲಿಯೋದು ನಾನೇ! ನನ್ನ ಕೈ ಚುರುಕು ಅಂತ ಎಲ್ರೂ ನನಗೇ ಬಿಡ್ತಿದ್ರು. ಈಗಷ್ಟೇ ನಮ್ಮ ಜೊತೆಯ ಅಕ್ಕನಿಗೆ ಫೋನ್ ಮಾಡಿದೆ, ನಾಳೆಯಿಂದ ಬೆಳ್ಳುಳ್ಳಿ ಅವರಿಗೆ, ಕಾಯಿ ತುರಿಯೋದು ನನಗೆ.