ಸಹಾಯ ಬೇಕು: ವ್ಯಕ್ತಿತ್ವ ವಿಕಸನದ ಓದಿಗೆ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪದವಿ ವಿದ್ಯಾರ್ಥಿಗಳೊಂದಿಗೆ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಓದುವ ಚಿಕ್ಕ ಬಳಗವೊಂದನ್ನು ನಡೆಸುತ್ತಿದ್ದು, ಮುಂದಿನ ಪುಸ್ತಕವನ್ನು ಆರಿಸಲು ತಮ್ಮೆಲ್ಲರ ಸಲಹೆ ಕೋರುತ್ತಿದ್ದೇನೆ.

21 ದಿನಗಳಲ್ಲಿ ಹೊಸ ಅಭ್ಯಾಸ ಕೈಗೂಡುತ್ತದೆ ಎಂದು ಇಂತಹ ಹಲವು ಪುಸ್ತಕಗಳು ಹೇಳುತ್ತವೆ. ಅದರ ಮೂಲವನ್ನು ಹುಡುಕಿದರೆ, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕೆಂದು ಬರೆದದ್ದು ಸಿಗುತ್ತದೆ. ಆ ಕನಿಷ್ಠ ಮಿತಿಯೇ ಕ್ರಮೇಣ ಖಚಿತ ಗಡುವಾಗಿಬಿಟ್ಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೈಗೂಡುವ ಅವಧಿ ಸರಾಸರಿ 66 ದಿನಗಳ ಆಸುಪಾಸಿನಲ್ಲಿದ್ದು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದರೂ ಹೆಚ್ಚಿನ ಹಾನಿ ಕಾಣಲಿಲ್ಲ. ಮೂರು ವಾರಗಳಲ್ಲಿ ಏನೂ ಬದಲಾಗದೆ, ದೋಷ ತಮ್ಮಲ್ಲೇ ಇದೆಯೆಂದು ಕುಗ್ಗುವ ವಿದ್ಯಾರ್ಥಿಗಳಿಗೆ ಇದು ತಿಳಿಯಲೇಬೇಕು.

ಆದ್ದರಿಂದ ಇಂತಹ ಪುರಾವೆಗಳನ್ನು ಆಧರಿಸಿ ಕನ್ನಡದಲ್ಲೇ ಬರೆದ, ಅಥವಾ ಓದಿಸಿಕೊಂಡು ಹೋಗುವಂತೆ ಅನುವಾದಿಸಿದ ಪುಸ್ತಕಗಳಿದ್ದರೆ ದಯವಿಟ್ಟು ತಿಳಿಸಿ. (ಕೋಟಿ ಗಳಿಸುವ ದಾರಿ ತೋರುವ ಪುಸ್ತಕಗಳು ಬೇಡ, ಅವು ಕಪಾಟಿನಲ್ಲಿ ಬೇಕಾದಷ್ಟಿವೆ.) ಓದಿದ ಅಧ್ಯಾಯವನ್ನು ಆ ವಾರವೇ ಆಚರಣೆಗೆ ತರುವಂತೆ ಬಳಗ ನಡೆಸಿದ ಅನುಭವವುಳ್ಳವರು, ಸದಸ್ಯರ ಪ್ರಗತಿಯನ್ನು ಅವರಿಗೆ ಮುಜುಗರವಾಗದಂತೆ ಹೇಗೆ ವಿಚಾರಿಸುತ್ತಿದ್ದಿರಿ ಎಂಬುದನ್ನೂ ಬರೆಯಬೇಕಾಗಿ ವಿನಂತಿ.